ಫ್ಯಾನಿನ ದುಡ್ಡಲ್ಲಿ ಬಂದ ಬಿಲ್ಲು

ನನ್ನ ಕಣ್ಣಿನ ಬಗ್ಗೆ ನನಗೆ ಜಂಬ. ಅದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಎಂಬತ್ತರ ದಶಕದ ಶುರುವಿನಲ್ಲಿ ನಾನು ಹೆಬ್ಬಾಳದ ಕಡೆ, ದನ ಕೋಳಿಗಳ ಕಾಯಿಲೆ ಪತ್ತೆ ಮಾಡುವ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಸಗಣಿ, ಹಿಕ್ಕೆ, ರಕ್ತ ಎಲ್ಲವನ್ನೂ ಗಾಜಿನ ಪಟ್ಟಿಯ ಮೇಲೆ ಸವರಿ, ಒಂಟಿ ಕೊಳವೆಯ ಹಳೇ ಮೈಕ್ರೋಸ್ಕೋಪಿನಲ್ಲಿ ಬೆಳಗಿನಿಂದ ಸಂಜೆವರೆಗೆ ನೋಡುವುದೇ ನನ್ನ ಉದ್ಯೋಗ. ಮದುವೆ ಮನೆಯಲ್ಲಿ ಯಾರಾದರೂ ಕೆಲಸ ಏನೆಂದು ಕೇಳಿ ನಾನು ವಿವರವಾಗಿ ಹೇಳಿದರೆ, ಅವರು ಮುಂದಿನ ಪಂಕ್ತಿಯಲ್ಲಿ ಬೇರೆ ಕಡೆ ಕೂರುತ್ತಿದ್ದರು. ಆದರೆ ಹುಳುವಿನ ಮೊಟ್ಟೆ ಎಷ್ಟೇ ಸಣ್ಣದಿರಲಿ, ಆ ಕೋಣೆಯಲ್ಲಿ ಮೊದಲು ಕಾಣುತ್ತಿದ್ದುದು ನನಗೇ.

ಅಂಥ ಕಣ್ಣಿರುವವಳು ಬಾಣ ಬಿಟ್ಟು ಗುರಿ ತಪ್ಪಿದರೆ ತಪ್ಪು ಯಾರದ್ದು? ಬಿಲ್ಲಿನದೇ. ಎಷ್ಟೋ ತಿಂಗಳು ನಾನು ಹಾಗೆಂದೇ ನಂಬಿದ್ದೆ.

ಬಿಲ್ಲು ಮನೆಗೆ ಬಂದದ್ದು ಟೇಬಲ್ ಫ್ಯಾನಿನ ದುಡ್ಡಲ್ಲಿ. ಕೋಳಿ ಸಾಕಣೆಗೆ ಸಲಹೆ ಕೊಡಲು ಅಮೆರಿಕದಿಂದ ಬಂದಿದ್ದವನೊಬ್ಬ ಸಂಜಯನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ. ವಾಪಸ್ ಹೊರಡುವ ಮುಂಚೆ ಮನೆ ಸಾಮಾನನ್ನೆಲ್ಲ ಮಾರುತ್ತಾನೆಂದು ಲ್ಯಾಬಿನಲ್ಲಿ ಸುದ್ದಿಯಾಯಿತು. ಒಳ್ಳೇ ಫ್ಯಾನಿದೆಯಂತೆ ಎಂದು ಅಮ್ಮನಿಗೆ ಹೇಳಿದ್ದೇ ತಪ್ಪು, ಭಾನುವಾರ ಬೆಳಿಗ್ಗೆಯೇ ಸೀರೆ ಉಟ್ಟು ತಯಾರಾದಳು. ಗಂಗಾನಗರದ ನಮ್ಮ ಮನೆಯಲ್ಲಿ ಇದ್ದವರು ನಾವಿಬ್ಬರೇ. ಅಪ್ಪನಿಗೆ ರೈಲ್ವೆ ಕೆಲಸ, ಅರಸೀಕೆರೆಯಲ್ಲಿದ್ದರು, ರಜೆ ಸಿಕ್ಕಾಗ ಬರುತ್ತಿದ್ದರು. ಶೀಟಿನ ಮಾಡಿನ ಕೆಳಗೆ ಬೇಸಿಗೆ ಕಳೆಯುವವಳು ಅಮ್ಮ. ಫ್ಯಾನಿನ ಆಸೆ ಅವಳಿಗೆ ಇರಬೇಕಾದ್ದೇ.

ನಾವು ಹೋಗುವಷ್ಟರಲ್ಲಿ ಫ್ಯಾನು ನಮ್ಮ ಆಫೀಸಿನ ಹೆಡ್ ಕ್ಲಾರ್ಕಿನ ಪಾಲಾಗಿತ್ತು. ಅವರು ಅದನ್ನು ಎದೆಗೆ ಅವುಚಿಕೊಂಡು ಆಟೋಗೆ ಕಾಯುತ್ತಿದ್ದರು. ನನ್ನನ್ನು ನೋಡಿ ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಮನೆಯೊಡತಿ ಇಲ್ಲದ ಮನೆ. ಆ ಅಮೆರಿಕದವನೇ ಎರಡು ಲೋಟ ಶರಬತ್ತು ತಂದ. ತಂದವನು ಅಮ್ಮನ ಮುಂದೆ ಎಡಗೈ ಚಾಚಿದ. ಅಮ್ಮ ತೆಗೆದುಕೊಳ್ಳಲಿಲ್ಲ. ಸೂರು ನೋಡುತ್ತ ನಿಂತಳು. ಅವನು ಪಾಪ ಏನೂ ತೋಚದೆ ಲೋಟವನ್ನು ಸ್ಟೂಲಿನ ಮೇಲಿಟ್ಟ. ಅವನು ಆ ಕಡೆ ತಿರುಗಿದ ಮೇಲೆ ಅಮ್ಮ ಅದನ್ನೆತ್ತಿ ಒಂದೇ ಗುಟುಕಿಗೆ ಕುಡಿದಳು. ನಮ್ಮ ಮನೆಯಲ್ಲಿ ಎಡಗೈಯಲ್ಲಿ ಕೊಟ್ಟದ್ದನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ, ಬಸ್ ಟಿಕೆಟ್ಟನ್ನೂ ಸಹ. ಕಂಡಕ್ಟರುಗಳ ಜೊತೆ ಅಮ್ಮ ಆಡಿದ ಜಗಳಗಳ ಕಥೆಯೇ ಬೇರೆ ಇದೆ.

ಆಗ ನನಗೆ ವರಾಂಡದ ಮೊಳೆಯಲ್ಲಿ ತೂಗುಹಾಕಿದ್ದ ಬಿಲ್ಲು ಕಾಣಿಸಿತು. ಕ್ಯಾಲೆಂಡರಿನಲ್ಲಿ ರಾಮ ಹಿಡಿದಿರುವಂಥದ್ದಲ್ಲ. ಎರಡು ತುದಿಗಳಲ್ಲೂ ಬಾವಿಯ ರಾಟೆಯಂಥ ಪುಟ್ಟ ಚಕ್ರ, ಅವುಗಳ ನಡುವೆ ಆಚೀಚೆ ಓಡುವ ತಂತಿ, ಮಧ್ಯೆ ಲೋಹದ ಹಿಡಿ. ಇದು ಕಾಂಪೌಂಡ್ ಬೋ ಅಂದ ಅವನು. ನನ್ನ ಕುತೂಹಲ ಕಂಡು ಹಿತ್ತಲಿಗೆ ಕರೆದುಕೊಂಡು ಹೋಗಿ, ಹತ್ತಿ ತುಂಬಿದ ಚೀಲಕ್ಕೆ ಒಂದು ಬಾಣ ಬಿಟ್ಟು ತೋರಿಸಿದ. ಅರ್ಧ ಎಳೆಯುವವರೆಗೆ ಅವನ ಕುತ್ತಿಗೆಯ ನರ ಉಬ್ಬಿತು, ಆಮೇಲೆ ಚಕ್ರ ತಿರುಗಿ ಭಾರವೆಲ್ಲ ಇಳಿದುಹೋಯಿತು. ನಿರಾಳವಾಗಿ ನಿಂತು ಗುರಿ ನೋಡಿ ಬಿಟ್ಟ. ಬಾಣ ಹೋದದ್ದು ಕಾಣಲಿಲ್ಲ, ಚೀಲದಲ್ಲಿ ನಾಟಿಕೊಂಡದ್ದು ಮಾತ್ರ ಕಾಣಿಸಿತು.

ಅಮ್ಮ ಅದನ್ನೂ ಗಮನಿಸಿದ್ದಳು. "ನೋಡ್ದಾ, ಎಳೆಯೋದೂ ಎಡಗೈಯಲ್ಲೇ. ಹೇಳಿಕೊಡೋರು ಯಾರೂ ಇರ್ಲಿಲ್ಲ ಅನ್ಸತ್ತೆ" ಎಂದು ನನ್ನ ಕಿವಿಯಲ್ಲಿ ಅಂದಳು.

ನನ್ನ ಗಮನ ಅದರ ಮೇಲಿರಲಿಲ್ಲ. ನನಗೆ ಆ ಬಿಲ್ಲು ಬೇಕಾಗಿತ್ತು. ಸ್ಕೂಲಿನಲ್ಲಿ ಹುಡುಗರಿಗೆ ಗುಂಡು, ಈಟಿ ಕೊಟ್ಟು, ನಮ್ಮನ್ನು ಕೋಲಾಟಕ್ಕೆ ನಿಲ್ಲಿಸಿದ ದಿನದಿಂದಲೂ ಏನನ್ನಾದರೂ ದೂರಕ್ಕೆ ಎಸೆಯಬೇಕು, ಎಸೆದದ್ದು ಅಂದುಕೊಂಡ ಕಡೆಯೇ ಹೋಗಿ ಬೀಳಬೇಕು ಎನ್ನುವ ಆಸೆ ನನ್ನಲ್ಲಿ ಹಾಗೇ ಉಳಿದಿತ್ತು. ಸಂಬಳ ಬರಲು ಶುರುವಾದ ಮೇಲೆ ಅಕ್ಕಿ, ಸೀಮೆಎಣ್ಣೆ, ಅಮ್ಮನ ಔಷಧಿ ಎಲ್ಲ ತಂದಿದ್ದೆ. ನನಗಾಗಿ ಅಂತ ತಂದದ್ದು ಏನೂ ಇರಲಿಲ್ಲ. ಫ್ಯಾನಿಗೆಂದು ಪರ್ಸಿನಲ್ಲಿದ್ದ ದುಡ್ಡನ್ನು ತೆಗೆದು ಅವನ ಕೈಗಿಟ್ಟೆ. ಬಾಣಗಳನ್ನೂ ಕೊಟ್ಟ.

ಮನೆಗೆ ಬಂದ ಅಮ್ಮ ಬೀಸಣಿಗೆ ಹಿಡಿದು ಕೂತಳು. ಆ ಬೀಸಣಿಗೆಯ ಪಟಪಟ ಸದ್ದಿನಲ್ಲೇ ನನಗೆ ಬೈಗುಳವೆಲ್ಲ ಕೇಳಿಸಿತು. ಆದರೂ ಸಂಜೆ ತಾನೇ ಎದ್ದು ಬಿಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, "ಅವನ ಥರ ಅಲ್ಲ, ಸರಿಯಾದ ಕೈಯಲ್ಲಿ ಎಳಿ" ಎಂದು ಕೊಟ್ಟಳು. ಅದನ್ನು ನನಗೆ ಹೇಳಬೇಕಾಗಿರಲಿಲ್ಲ. ಎಡಗೈಯಲ್ಲಿ ಬಿಲ್ಲು ಹಿಡಿದು ಬಲಗೈಯಲ್ಲಿ ಹೆದೆ ಎಳೆದೆ.

ಜಾಗ ಕೊಟ್ಟವರು ನಮ್ಮ ಹಿಂದಿನ ಬೀದಿಯ ದ್ರಾಕ್ಷಿ ತೋಟದ ಗೌಡರು. ಆಗ ಗಂಗಾನಗರದ ಅಂಚಿನಲ್ಲಿ ಇನ್ನೂ ತೋಟಗಳಿದ್ದವು. ಅವರ ಹಸುವಿನ ಹೊಟ್ಟೆಯಲ್ಲಿದ್ದ ಹುಳುವನ್ನು ಪತ್ತೆ ಮಾಡಿದವಳು ನಾನೇ ಆದ್ದರಿಂದ ನನ್ನ ಮೇಲೆ ಅವರಿಗೆ ವಿಶ್ವಾಸ. ಕಣದ ತುದಿಯಲ್ಲಿ ರಾಗಿಹುಲ್ಲಿನ ಬಣವೆ, ಅದಕ್ಕೆ ಒಂದು ಹಳೇ ಮೊರ ಕಟ್ಟಿ ಸುಣ್ಣದಲ್ಲಿ ಬೊಟ್ಟಿಟ್ಟು ಗುರಿ ಮಾಡಿಕೊಂಡೆ. ಬಣವೆಯ ಎಡಕ್ಕೆ ಕಲ್ಲುಕಂಬ ನೆಟ್ಟು ತಂತಿ ಎಳೆದ ದ್ರಾಕ್ಷಿ ಚಪ್ಪರ. "ಉಲ್ಲಿಗೆ ಒಡ್ಕೋ ಕಣವ್ವ, ನಂದೇನೂ ಇಲ್ಲ. ಬಾಣ ಮಾತ್ರ ಉಲ್ಲೊಳ್ಗೆ ಬಿಟ್ಟೋಗ್ಬೇಡ, ಅಸ ತಿಂದ್ಬಿಟ್ಟಾತು" ಅಂದರು. ದನದ ಹೊಟ್ಟೆಯಿಂದ ಮೊಳೆ, ತಂತಿ ತೆಗೆಯುವುದನ್ನು ನಾನು ಕಂಡವಳೇ, ಆದ್ದರಿಂದ ಪ್ರತಿ ಸಲವೂ ಎಲ್ಲ ಬಾಣ ಸಿಗುವವರೆಗೆ ಮನೆಗೆ ಹೋಗುತ್ತಿರಲಿಲ್ಲ.

ಆದರೆ ಬಾಣಗಳು ಹುಲ್ಲಿನೊಳಗೆ ಹೋಗುತ್ತಿದ್ದುದೇ ಅಪರೂಪ. ಎಲ್ಲವೂ ಎಡಕ್ಕೆ. ಬಿಲ್ಲಿನ ಮೇಲೆ ಬಾಣ ಕೂರುವ ಪುಟ್ಟ ಕೊಕ್ಕೆಯಿಂದ ಅರ್ಧಕ್ಕರ್ಧ ಸಲ ಜಾರಿ ಬೀಳುತ್ತಿತ್ತು. ಜಾರದೆ ಹೋದರೆ ಬಣವೆಯ ಎಡ ಅಂಚು ಸವರಿಕೊಂಡು ಚಪ್ಪರದೊಳಗೆ. ಕಲ್ಲುಕಂಬಕ್ಕೆ ಬಡಿದು ಒಂದು ಬಾಣ ಮುರಿದೇಹೋಯಿತು. ಬಲಕ್ಕೆ ಒತ್ತಿ ಹಿಡಿದೆ, ದೇಹ ತಿರುಗಿಸಿ ನಿಂತೆ, ಉಸಿರು ಬಿಗಿಹಿಡಿದೆ. ಎಡಕ್ಕೇ. ಬಿಲ್ಲಿನ ಹಿಡಿಯೂ ನನ್ನ ಅಂಗೈಗೆ ಹೊಂದುತ್ತಿರಲಿಲ್ಲ. ಹೆಬ್ಬೆರಳಿಗೆಂದು ಮಾಡಿದ್ದ ತಗ್ಗು ಬೆರಳಿಲ್ಲದ ಕಡೆ ಇತ್ತು, ಉಬ್ಬು ಅಂಗೈಗೆ ಒತ್ತುತ್ತಿತ್ತು. ಕೋಪದಿಂದ ಎಷ್ಟು ಸಲ ಆ ಬಿಲ್ಲನ್ನು ನೆಲಕ್ಕೆ ಕುಕ್ಕಿದ್ದೇನೋ ಗೊತ್ತಿಲ್ಲ.

"ಅವನಿಗೆ ಬೇಡವಾದದ್ದನ್ನ ನಿನ್ನ ತಲೆಗೆ ಕಟ್ಟಿದಾನೆ" ಎಂದಳು ಅಮ್ಮ. ಅದು ನನಗೆ ನಾಟಿತು. ನಾನು ಮೋಸ ಹೋಗುವವಳಲ್ಲ ಅನ್ನುವುದೂ ನನ್ನ ಜಂಬಗಳಲ್ಲಿ ಒಂದಾಗಿತ್ತು.

ಬಿಲ್ಲನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಆರ್.ಟಿ. ನಗರದ ಒಂದು ಸೈಕಲ್ ಶಾಪಿಗೆ ಹೋದೆ. ಅಲ್ಲಿನ ಸಾಬರು ಸೈಕಲ್ಲು, ಸ್ಟೌವು, ಹೊಲಿಗೆ ಯಂತ್ರ ಯಾವುದನ್ನೂ ಬೇಡ ಅನ್ನುವವರಲ್ಲ. ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ ನಾಲಿಗೆ ಲೊಚಗುಟ್ಟಿದರು.

"ಅಮ್ಮಾ, ಇದು ಪೂರಾ ಉಲ್ಟಾ ಮಾಡ್ಬಿಟ್ಟವ್ರೆ. ಬಾಣ ಇಡೋದು ಬಲಗಡೆ ಐತೆ, ಎಡಗಡೆ ಇರ್ಬೇಕು. ಕಂಪ್ನಿಯಲ್ಲೇ ಮಿಸ್ಟೇಕು."

"ಅಮೆರಿಕದಲ್ಲೂ ಹಿಂಗೆ ಮಾಡ್ತಾರಾ?"

"ಎಲ್ಲಾ ಕಡೆ ಅದೇ ಅಲ್ವಾ. ಸೋಮವಾರ ಬನ್ನಿ, ಫಸ್ಟ್‌ಕ್ಲಾಸ್ ಮಾಡಿಡ್ತೀನಿ."

ಸೋಮವಾರ ಹೋದಾಗ ಮಡ್‌ಗಾರ್ಡಿನ ಕಡ್ಡಿ ಬಗ್ಗಿಸಿ ಎಡಗಡೆಗೆ ಹೊಸ ಕೊಕ್ಕೆ ಕೂರಿಸಿದ್ದರು. ಕೈಗೆ ಒತ್ತುತ್ತಿದ್ದ ಹಿಡಿಗೆ ಸೈಕಲ್ ಹ್ಯಾಂಡಲ್ಲಿಗೆ ಸುತ್ತುವ ಟೇಪನ್ನು ದಪ್ಪಗೆ ಸುತ್ತಿ ತಗ್ಗು ಉಬ್ಬುಗಳನ್ನೆಲ್ಲ ಮುಚ್ಚಿದ್ದರು. ನೋಡಲು ಚೆನ್ನಾಗಿಯೇ ಇತ್ತು. ಬಾಣ ಜಾರುವುದು ನಿಂತಿತು. ಎಡಕ್ಕೆ ಹೋಗುವುದು ಇನ್ನೂ ಜಾಸ್ತಿಯಾಯಿತು.

ಒಂದು ಭಾನುವಾರ ನಾನು ಬಿಟ್ಟ ಬಾಣ ಚಪ್ಪರ ದಾಟಿ, ಕಳೆ ಕೀಳುತ್ತಿದ್ದ ಹೆಂಗಸೊಬ್ಬಳ ಬುಟ್ಟಿಗೆ ನಾಟಿತು. ಅವಳು ಅಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ. ಬುಟ್ಟಿ ಅವಳಿಂದ ದೂರದಲ್ಲೇ ಇತ್ತು. ಆದರೂ ಅವಳ ಕೂಗಿಗೆ ಇಡೀ ತೋಟ ಓಡಿಬಂತು. ನಾನೂ ಬಿಲ್ಲು ಕೆಳಗೆಸೆದು ಓಡಿದೆ. ಗೌಡರು ಬುಟ್ಟಿಯಿಂದ ಬಾಣ ಕಿತ್ತು ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ.

"ಅಲ್ಲ ಕಣವ್ವ, ಅಣ್ಣು ಬಣ್ಣ ತಿರುಗ್ತಾ ಅದೆ. ಇನ್ನೊಂದು ತಿಂಗ್ಳಿಗೆ ಕೀಳೋಕೆ ಆಳು ಬತ್ತವೆ. ನೀನಿಲ್ಲಿ ಇಂಗೆ ಒಡೀತಿದ್ರೆ ಚಪ್ಪರದೊಳ್ಗೆ ಕಾಲಿಕ್ಕಲ್ಲ ಅಂತಾವ್ರೆ ಇವರು."

ನಾನು ಇನ್ನು ಬರುವುದಿಲ್ಲ ಎನ್ನಬಹುದಿತ್ತು. ಅದು ನ್ಯಾಯವೂ ಆಗಿತ್ತು. ಆದರೆ ಬೇರೆ ಜಾಗವಿರಲಿಲ್ಲ. ಬೀದಿಯಲ್ಲಿ ಬಾಣ ಬಿಡಲಾಗುತ್ತದೆಯೇ? ಈ ಕಣ ಹೋದರೆ ಬಿಲ್ಲು ಗುಜರಿಗೆ, ಅಮ್ಮನ ಮಾತು ನಿಜವಾಗುತ್ತದೆ, ನನ್ನದು ಅಂತ ತಂದುಕೊಂಡ ಒಂದೇ ಒಂದು ವಸ್ತುವೂ ಕೈಬಿಡುತ್ತದೆ. "ಗೌಡ್ರೇ, ಹಣ್ಣು ಕೀಳೋ ದಿನದವರೆಗೆ ಟೈಮ್ ಕೊಡಿ. ಅಲ್ಲೀವರೆಗೆ ತೋಟದಲ್ಲಿ ಯಾರೂ ಇಲ್ಲದಾಗ ಬರ್ತೀನಿ, ಬಣವೆಗೆ ಹತ್ತಿರ ನಿಂತೇ ಹೊಡೀತೀನಿ. ಆ ದಿನ ಅವರು ಒಳಗೆ ಹೋಗೋಕೆ ಮುಂಚೆ ಎಲ್ಲರ ಎದುರಿಗೂ ಹೊಡೆದು ತೋರಿಸ್ತೀನಿ. ಒಂದು ಬಾಣ ಆ ಕಡೆ ಹೋದ್ರೂ ಮತ್ತೆ ಬರಲ್ಲ" ಎಂದುಬಿಟ್ಟೆ. ಅಷ್ಟು ಧೈರ್ಯವಾಗಿ ಹೇಳಿದ್ದಕ್ಕೆ ಯಾವ ಆಧಾರವೂ ಇರಲಿಲ್ಲ. ನನ್ನ ಬಾಯಿ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ.

ಗೌಡರು ತಲೆ ಕೆರೆದುಕೊಂಡು, "ಆಗ್ಲಿ, ಅದೂ ನೋಡೇಬಿಡನ" ಎಂದರು.

ಉತ್ತರ ಸಿಕ್ಕಿದ್ದು ಲ್ಯಾಬಿನಲ್ಲಿ. ಆ ವಾರ ಹೊಸ ವಿದ್ಯಾರ್ಥಿಗಳಿಗೆ ಮೈಕ್ರೋಸ್ಕೋಪು ತೋರಿಸಲು ಒಬ್ಬರು ಲೆಕ್ಚರರ್ ಬಂದಿದ್ದರು. ಒಬ್ಬ ಹುಡುಗಿ ಎಷ್ಟು ಹೊತ್ತು ಬಗ್ಗಿ ನೋಡಿದರೂ ಟೇಬಲ್ಲೇ ಕಾಣುತ್ತದೆ ಅಂದಳು. ಅವರು ನಕ್ಕು, "ಆ ಕಣ್ಣು ಬಿಟ್ಟು ಇನ್ನೊಂದರಲ್ಲಿ ನೋಡಮ್ಮ. ಎರಡು ಕಣ್ಣಲ್ಲಿ ಒಂದು ಯಜಮಾನ ಇರುತ್ತೆ. ಅದು ನೋಡಿದ್ದನ್ನೇ ತಲೆ ನಂಬೋದು" ಎಂದರು. ಹುಡುಗಿಗೆ ತಕ್ಷಣ ಕಾಣಿಸಿತು.

ನಾನು ಇಷ್ಟು ವರ್ಷ ಎಡಗಣ್ಣಿನಲ್ಲೇ ನೋಡುತ್ತಿದ್ದವಳು. ಬಲಗೈಯಲ್ಲಿ ಚಿತ್ರ ಬರೆದುಕೊಳ್ಳಲು ಅನುಕೂಲವೆಂದು ಹಾಗೆ ರೂಢಿಯಾಗಿದೆ ಅಂದುಕೊಂಡಿದ್ದೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಬಲಗಣ್ಣಿಟ್ಟು ನೋಡಿದೆ. ಎರಡೂ ಕಣ್ಣು ತೆರೆದೇ ಇದ್ದವು. ಹುಳುವಿನ ಮೊಟ್ಟೆ ಮಾಯವಾಗಿ, ಪಕ್ಕದ ಟೇಬಲ್ಲಿನ ಬಿರುಕು ಕಾಣಿಸಿತು. ಕೈಯ ಬಳೆ ತೆಗೆದು ತೋಳು ಚಾಚಿ ಹಿಡಿದು, ಅದರೊಳಗೆ ಕಿಟಕಿಯ ಚಿಲಕ ಬರುವಂತೆ ನೋಡಿದೆ. ಬಲಗಣ್ಣು ಮುಚ್ಚಿದೆ, ಚಿಲಕ ಬಳೆಯೊಳಗೇ ಇತ್ತು. ಎಡಗಣ್ಣು ಮುಚ್ಚಿದೆ, ಚಿಲಕ ಬಳೆಯಿಂದ ಹಾರಿ ಹೊರಗೆ ಹೋಯಿತು. ನಂಬಿಕೆಯಾಗದೆ ಇನ್ನೊಂದು ಕೈಯ ಬಳೆಯಲ್ಲೂ ನೋಡಿದೆ. ಅದೇ.

ನನ್ನ ಯಜಮಾನ ಎಡಗಣ್ಣು. ಬಾಣ ಇದ್ದದ್ದು ಬಲಗಣ್ಣಿನ ಕೆಳಗೆ, ಗುರಿ ನೋಡುತ್ತಿದ್ದದ್ದು ಎಡಗಣ್ಣು. ನಡುವೆ ಮೂಗಿನಷ್ಟು ಅಂತರ. ಬಣವೆ ತಲುಪುವಷ್ಟರಲ್ಲಿ ಆ ಅಂತರ ಒಂದು ಮಾರಾಗಿ ಚಪ್ಪರಕ್ಕೆ ನುಗ್ಗುತ್ತಿತ್ತು. ಹಾಗಾದರೆ ಬಾಣವನ್ನು ಎಡಗಣ್ಣಿನ ಕೆಳಗೆ ತರಬೇಕು. ಹೆದೆಯನ್ನು ಎಡಗೈಯಲ್ಲಿ ಎಳೆಯಬೇಕು.

ಎಡಗೈ ಅಂದುಕೊಂಡದ್ದೇ ತಡ, ಸಂಜಯನಗರದ ಆ ಹಿತ್ತಲು ಕಣ್ಣ ಮುಂದೆ ಬಂತು. ಎಡಗೈಯಲ್ಲಿ ಶರಬತ್ತು ಚಾಚಿದವನು. ಎಡಗೈಯಲ್ಲಿ ಹೆದೆ ಎಳೆದವನು. ಅವನು ನಮಗೆ ಎಲ್ಲವನ್ನೂ ಸರಿಯಾಗಿಯೇ ತೋರಿಸಿದ್ದ. ನಾವಿಬ್ಬರೂ ಕಣ್ಣಾರೆ ಕಂಡು, ಸಂಸ್ಕಾರವಿಲ್ಲದವನು ಪಾಪ ಎಂದು ಮರುಗಿ, ತಿದ್ದಿಕೊಂಡು ಮನೆಗೆ ಬಂದಿದ್ದೆವು. ಖಾಲಿ ಲ್ಯಾಬಿನಲ್ಲಿ ನಾನೊಬ್ಬಳೇ ಜೋರಾಗಿ ನಕ್ಕೆ.

ಸಂಜೆ ಮನೆಗೆ ಓಡಿಬಂದು ಬ್ಲೇಡಿನಿಂದ ಸೈಕಲ್ ಟೇಪನ್ನು ಸೀಳಿ ಕಿತ್ತೆ. ಬಿಲ್ಲನ್ನು ಬಲಗೈಯಲ್ಲಿ ಹಿಡಿದೆ. ಹೆಬ್ಬೆರಳು ಹುಡುಕಬೇಕಾಗಿಯೇ ಬರಲಿಲ್ಲ, ತಗ್ಗಿನೊಳಗೆ ಹೋಗಿ ಕೂತಿತು. ಉಬ್ಬು ಅಂಗೈಯ ಗುಳಿಗೆ ಸೇರಿತು. ಅದು ಎಡಗೈಯವರಿಗಾಗಿಯೇ ಮಾಡಿದ ಬಿಲ್ಲು. ಸೈಕಲ್ ಶಾಪಿನ ಸಾಬರಿಗೆ ವಿಷಯ ಹೇಳಿ ಮಡ್‌ಗಾರ್ಡ್ ಕಡ್ಡಿ ಬಿಚ್ಚಿಸಿದೆ. "ಯಾ ಅಲ್ಲಾ, ರಿಪೇರಿ ಅಂದ್ಬಿಟ್ಟು ನಾನೇ ಕೆಡಿಸಿದ್ದಾ?" ಎಂದು ಹಣೆ ಹಣೆ ಚಚ್ಚಿಕೊಂಡು ನಕ್ಕರು.

ಬಿಲ್ಲು ಸರಿಯಿತ್ತು, ಕಣ್ಣು ಸರಿಯಿತ್ತು. ಎಡಗೈ ಮಾತ್ರ ಏನೂ ಅರಿಯದ ಕೂಸು. ಅರ್ಧ ಎಳೆಯುವಷ್ಟರಲ್ಲಿ ನಡುಗಿ ಬಿಟ್ಟುಬಿಡುತ್ತಿತ್ತು. ಅದಕ್ಕೆ ಕೆಲಸ ಕಲಿಸಬೇಕಾಗಿತ್ತು. ಬಾವಿಯಿಂದ ನೀರೆತ್ತುವಾಗ ಎಡಗೈಗೆ ಭಾರ ಕೊಟ್ಟೆ, ಬಕೆಟ್ಟನ್ನು ಎಡಗೈಯಲ್ಲಿ ಹೊತ್ತೆ, ರುಬ್ಬುಗುಂಡನ್ನು ಎಡಗೈಯಲ್ಲಿ ತಿರುಗಿಸಿದೆ. ಅಮ್ಮ ರುಬ್ಬುಗುಂಡು ನೋಡಿ ಕಿರುಚಿದಳು.

"ಆ ಹಿಟ್ಟಿನ ದೋಸೆ ನಾನು ಮುಟ್ಟಲ್ಲ."

"ಬೇಡ ಬಿಡು, ನಾನೇ ತಿಂತೀನಿ."

"ಮನೇಲಿ ಎಡಗೈ, ತೋಟದಲ್ಲಿ ಎಡಗೈ. ನಾಳೆ ಊಟಾನೂ ಅದರಲ್ಲೇ ಮಾಡ್ತೀಯಾ? ಚಿಕ್ಕವಳಿದ್ದಾಗ ಎಷ್ಟು ಹೇಳಿಕೊಟ್ಟಿದ್ದೆ ನಿನಗೆ."

ಅವಳ ದನಿ ಒಡೆಯಿತು. ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಫ್ಯಾನಿನ ಸಿಟ್ಟಲ್ಲ ಅದು, ತಾನು ಕಲಿಸಿದ್ದನ್ನು ಮಗಳು ಅಳಿಸುತ್ತಿದ್ದಾಳೆ ಅನ್ನುವ ಸಂಕಟ. ನನಗೆ ಬೇಜಾರಾಯಿತು. ಆದರೆ ಬಿಡಲಿಲ್ಲ. ರುಬ್ಬುವುದನ್ನು ಬಲಗೈಗೆ ವಾಪಸ್ ಕೊಟ್ಟೆ, ಬಕೆಟ್ಟನ್ನು ಎಡಗೈಯಲ್ಲೇ ಉಳಿಸಿಕೊಂಡೆ. ದಿನವೂ ಕತ್ತಲಾಗುವ ಮುಂಚೆ, ಆಳುಗಳೆಲ್ಲ ಹೊರಟ ಮೇಲೆ ಕಣಕ್ಕೆ ಹೋಗಿ ಬಣವೆಗೆ ಹತ್ತಿರ ನಿಂತು ಹೊಡೆದೆ, ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದೆ. ಬಾಣಗಳು ಎಡಕ್ಕೆ ಹೋಗುವುದನ್ನೇ ಮರೆತವು. ನೋಡಿದ ಕಡೆ ಹೋಗುತ್ತಿದ್ದವು. ಆ ಸುಖವನ್ನು ಏನೆಂದು ಹೇಳಲಿ, ಮೊದಲ ದಿನ ರಾತ್ರಿ ನಗುತ್ತಲೇ ನಿದ್ದೆ ಹೋದೆ.

ಹಣ್ಣು ಕೀಳುವ ದಿನ ಬಂತು. ಅಮ್ಮ ಒಂದು ಚೀಲ ಹಿಡಿದು ನನ್ನ ಜೊತೆ ಹೊರಟಳು. "ನಾನು ದ್ರಾಕ್ಷಿಗೆ ಬರ್ತಿರೋದು, ನಿನ್ನ ಬಿಲ್ಲಿಗಲ್ಲ" ಎಂದು ದಾರಿಯಲ್ಲಿ ಎರಡು ಸಲ ಹೇಳಿದಳು. ಆಳುಗಳು ಬುಟ್ಟಿ ಇಟ್ಟುಕೊಂಡು ನನ್ನ ಹಿಂದೆ ಸಾಲಾಗಿ ಕೂತರು. ಬುಟ್ಟಿಗೆ ಬಾಣ ನಾಟಿಸಿಕೊಂಡಿದ್ದವಳು ಎಲ್ಲರಿಗಿಂತ ಹಿಂದೆ, ಗೌಡರ ಬೆನ್ನಿಗೆ ಅಂಟಿಕೊಂಡು ನಿಂತಳು. ನಾನು ಬಿಲ್ಲನ್ನು ಬಲಗೈಗೆ ಬದಲಾಯಿಸಿದಾಗ ಯಾರೋ "ಎಡಚಿ ಕಣ್ರೇ" ಅಂದರು. ಕಿಸಕ್ಕೆಂದು ನಗು. ಅಮ್ಮ ನೆಲ ನೋಡುತ್ತಿದ್ದಳು.

ನನಗೆ ಭಯವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಬಾಣ ಹೂಡಿದೆ. ಎಳೆದೆ. ಭಾರ ಬಂತು, ಬಂತು, ಚಕ್ರ ತಿರುಗಿ ಇಳಿಯಿತು. ಸುಣ್ಣದ ಬೊಟ್ಟು ಎಡಗಣ್ಣಿನ ಮುಂದೆ ಸ್ಪಷ್ಟವಾಗಿ ನಿಂತಿತ್ತು. ಬಿಟ್ಟೆ. ಮೊರದ ಅಂಚಿಗೆ ತಾಕಿತು, ಬಲಗಡೆ. ಎರಡನೆಯದು ಒಳಗೆ. ಆಮೇಲೆ ನಗು ಕೇಳಿಸಲಿಲ್ಲ. ಉಳಿದ ಬಾಣಗಳೆಲ್ಲ ಮೊರದೊಳಗೇ ಹೋದವು, ಕೊನೆಯದು ಸುಣ್ಣದ ಬೊಟ್ಟಿಗೆ ನಾಟಿತು. ಬುಟ್ಟಿಯವಳು ಗೌಡರ ಹಿಂದಿನಿಂದ ಹೊರಬಂದು ಮೊರದ ಹತ್ತಿರ ಹೋಗಿ, ಬೆರಳಲ್ಲಿ ಮುಟ್ಟಿ ನೋಡಿ, "ಇನ್ನು ಒಳ್ಗೆ ಓಗ್ಬೋದು" ಎಂದು ಉಳಿದವರನ್ನು ಕೂಗಿದಳು.

ಗೌಡರು ಚಪ್ಪರದಿಂದ ಒಂದು ದೊಡ್ಡ ಗೊಂಚಲು ಕತ್ತರಿಸಿ ತಂದು ನನ್ನ ಮುಂದೆ ಹಿಡಿದರು. "ತಕ್ಕೋ ಕಣವ್ವ. ಜಾಗ ನಿಂದೇ."

ನನ್ನ ಬಲಗೈ ಬಿಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ಅಷ್ಟು ಹೊತ್ತು ಬಿಗಿಹಿಡಿದ ಬೆರಳುಗಳು ಬಿಡಿಸಿದರೂ ಬಿಚ್ಚುತ್ತಿರಲಿಲ್ಲ. ಖಾಲಿ ಇದ್ದದ್ದು ಎಡಗೈ. ಹಿರಿಯರು ಕೊಟ್ಟದ್ದನ್ನು ಎಡಗೈಯಲ್ಲಿ ತೆಗೆದುಕೊಳ್ಳುವುದು ಹೇಗೆ? ಪಕ್ಕದಲ್ಲಿ ಅಮ್ಮ. ಬಿಲ್ಲನ್ನು ನೆಲಕ್ಕೆ ಹಾಕಲೋ ಏನು ಮಾಡಲೋ ತಿಳಿಯದೆ ಒದ್ದಾಡಿದೆ. ಗೌಡರು ಗೊಂಚಲು ಹಿಡಿದೇ ನಿಂತಿದ್ದರು.

ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಅವಳೇ ಇಸಿದುಕೊಳ್ಳುತ್ತಾಳೆ ಅಂದುಕೊಂಡೆ. ಅವಳು ನನ್ನ ಎಡಗೈಯ ಮಣಿಕಟ್ಟು ಹಿಡಿದು ಮುಂದಕ್ಕೆ ಚಾಚಿಸಿದಳು.

"ಈ ಕೈಯಲ್ಲೇ ತಗೊಳೇ. ದುಡಿದಿದ್ದು ಇದೇ ತಾನೇ" ಎಂದಳು.